15 ಇಂಚಿನ ಅಲಾಯ್, 30 ಮಿ.ಮೀ. ಇಳಿಕೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್ ಈಗ ಎಲ್ಲಿಗೆ ಬಂತು

ಚಕ್ರ ಬದಲಿಸಿ ಎತ್ತರ ಇಳಿಸುವ ಕೆಲಸ ಶುರು ಮಾಡಿ ಎರಡು ತಿಂಗಳಾದ ಮೇಲೆ ಕಾರು ಜ್ಯಾಕ್ ಸ್ಟ್ಯಾಂಡಿನಿಂದ ಇಳಿದಿದೆ. ಪೂರ್ತಿ ಮುಗಿದಿಲ್ಲ, ಆದರೆ ಓಡಿಸುತ್ತಿದ್ದೇನೆ. ಖುಷಿಯಾಗಿದೆ.

ಶುರುವಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು 17 ಇಂಚಿನ ಅಲಾಯ್, ಅಂದರೆ ಮಿಶ್ರಲೋಹದ ಚಕ್ರ. ನೋಡೋಕೆ ಚೆಂದ, ನಿಜ. ಆದರೆ ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ತೂಕ ಏರುತ್ತದೆ, ಟೈರಿನ ಬೆಲೆಯೂ ಏರುತ್ತದೆ. ಚಕ್ರಕ್ಕೇ ಎಲ್ಲ ದುಡ್ಡು ಸುರಿದರೆ ಸ್ಪ್ರಿಂಗ್, ಶಾಕ್ಸ್‌ಗೆ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಏನು ಉಳಿಯುತ್ತದೆ? 15ಕ್ಕೆ ಬಂದು ನಿಂತೆ.

ಕಂಪನಿಯಿಂದ ಬಂದಿದ್ದ ಟೈರ್ 185/65 ಆರ್14, ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆ ಅದರ ಶೇ. 65, ರಿಮ್ 14 ಇಂಚು. ಅದರ ವ್ಯಾಸ 596 ಮಿ.ಮೀ. ಆಸುಪಾಸು. 195/55 ಆರ್15 ಲೆಕ್ಕ ಹಾಕಿದರೆ 595.5 ಬರುತ್ತದೆ. ಸ್ಪೀಡೋಮೀಟರ್ ತಪ್ಪು ತೋರಿಸುವ ಚಿಂತೆಯೇ ಇಲ್ಲ. ಲೋಡ್ ಇಂಡೆಕ್ಸ್ ಮಾತ್ರ 86ರಿಂದ 85ಕ್ಕೆ ಇಳಿಯಿತು. ಅಂದರೆ ಒಂದು ಟೈರ್ ಹೊರುವ ಭಾರ 530 ಕೆ.ಜಿ.ಯಿಂದ 515 ಕೆ.ಜಿ.ಗೆ. ನನ್ನ ಚಿಕ್ಕ ಕಾರಿಗೆ ಅದು ಧಾರಾಳ.

ಅಲಾಯ್ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಿದೆ. ಮೊದಲು ನೋಡಿದ ಸೆಟ್ ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿದಾಗ ಎರಡರ ಒಳ ಅಂಚು ಅಲ್ಲಾಡುತ್ತಿತ್ತು. ಮೂರನೆಯದರ ಹಿಂದುಗಡೆ ಪೇಂಟಿನ ಕೆಳಗೆ ವೆಲ್ಡಿಂಗ್ ಗುರುತು. ಹಾಗೇ ಬಿಟ್ಟು ಬಂದೆ. ಹಳೆಯ ಅಲಾಯ್ ಕೊಳ್ಳುವವರು ಮುಂಭಾಗ ನೋಡುವ ಮೊದಲು ಹಿಂಭಾಗ ನೋಡಿ. ಗೀರು ಇದ್ದರೆ ಇರಲಿ, ಬಿರುಕು ಇರಬಾರದು.

ಎರಡನೇ ಸೆಟ್‌ನಲ್ಲಿ ಗೀರುಗಳೇ ಜಾಸ್ತಿ, ಆದರೆ ನಾಲ್ಕೂ ನೆಟ್ಟಗೆ ತಿರುಗಿದವು. 4x100 ಪಿಸಿಡಿ (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್ ತೂತು), 6.5 ಇಂಚು ಅಗಲ, ಆಫ್‌ಸೆಟ್ 38 (ಚಕ್ರ ಕಾರಿಗೆ ಕೂರುವ ಮುಖ ರಿಮ್‌ನ ನಡುಗೆರೆಯಿಂದ ಇಷ್ಟು ಮಿ.ಮೀ. ಹೊರಗೆ). ಹಳೆಯದು 5.5 ಇಂಚು, ಆಫ್‌ಸೆಟ್ 45. ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ರಿಮ್ ಒಂದು ಇಂಚು ಅಗಲವಾದರೆ ಎರಡೂ ಕಡೆಗೆ 12.7 ಮಿ.ಮೀ. ಬೆಳೆಯುತ್ತದೆ. ಆಫ್‌ಸೆಟ್ 7 ಕಡಿಮೆಯಾದ್ದರಿಂದ ಇಡೀ ಚಕ್ರ 7 ಮಿ.ಮೀ. ಹೊರಗೆ ಸರಿಯುತ್ತದೆ. ಒಟ್ಟಿನಲ್ಲಿ ಹೊರಗೆ 19.7, ಒಳಗೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇರುವ ಕಂಬ) ಕಡೆಗೆ 5.7. ಸ್ಟ್ರಟ್‌ಗೂ ಹಳೆಯ ಟೈರಿಗೂ ನಡುವೆ ಇದ್ದ ಜಾಗ ಅಳೆದು ನೋಡಿಯೇ ದುಡ್ಡು ಕೊಟ್ಟೆ.

ಹಬ್ (ಚಕ್ರ ಕೂರುವ ಕಾರಿನ ಕಡೆಯ ನಡುಭಾಗ) 54.1 ಮಿ.ಮೀ., ಅಲಾಯ್ ನಡುವಿನ ತೂತು 67.1. ನಡುವೆ ಪ್ಲಾಸ್ಟಿಕ್ ರಿಂಗ್ ಹಾಕಿದೆ. ಅದಿಲ್ಲದಿದ್ದರೆ ಚಕ್ರ ಸರಿಯಾಗಿ ಮಧ್ಯಕ್ಕೆ ಕೂರದೆ ಸ್ಟೀರಿಂಗ್ ನಡುಗಬಹುದು. ನಟ್ಟುಗಳೂ ಬೇರೆ ಬೇಕಾದವು, ಹಳೆಯದರ ಬುಡ ಅಲಾಯ್‌ನ ಕುಳಿಗೆ ಕೂರುತ್ತಿರಲಿಲ್ಲ.

ಆಮೇಲೆ ಎತ್ತರ. ಸ್ಪ್ರಿಂಗ್ ಕತ್ತರಿಸಿಬಿಡು, ಒಂದು ಪೈಸೆ ಖರ್ಚಿಲ್ಲ ಎಂದು ಹೇಳಿದವರು ಎಷ್ಟೋ ಜನ. ನಾನು ಒಪ್ಪಲಿಲ್ಲ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಅಗ್ಗದ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಕೂಡ ನೋಡಿದೆ. ಅದೇ ದುಡ್ಡಿಗೆ 30 ಮಿ.ಮೀ. ಇಳಿಸುವ ಸ್ಪ್ರಿಂಗ್ ಜೊತೆ ನಾಲ್ಕು ಹೊಸ ಶಾಕ್ಸ್ ಬರುತ್ತಿದ್ದವು. ಮುಂದಿನ ಬಲಗಡೆ ಶಾಕ್ ಎಣ್ಣೆ ಸೋರುತ್ತಿತ್ತು, ಹೇಗೂ ಬದಲಿಸಬೇಕಿತ್ತು. ಕಾರು 30 ಮಿ.ಮೀ. ಇಳಿದರೆ ಚಕ್ರ ಮೇಲೆ ಹೋಗಲು ಇರುವ ಜಾಗದಲ್ಲೂ 30 ಮಿ.ಮೀ. ಹೋಯಿತು. ಉಳಿದಷ್ಟರಲ್ಲೇ ಗುಂಡಿಯ ಹೊಡೆತ ತಾಳಬೇಕಾದರೆ ಶಾಕ್ಸ್ ಗಟ್ಟಿಯಾಗಿಯೇ ಇರಬೇಕು ಅಲ್ವಾ? 50 ಮಿ.ಮೀ. ಇಳಿಸುವ ಆಸೆ ಅಲ್ಲಿಗೇ ಬಿಟ್ಟೆ.

ಬಿಚ್ಚುವ ಮೊದಲು ಚಕ್ರದ ಮಧ್ಯದಿಂದ ಆರ್ಚ್ (ಚಕ್ರದ ಮೇಲಿನ ಬಾಡಿಯ ಕಮಾನು) ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟೆ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಕೆಲಸಕ್ಕೆ ಅನುಭವ ಇರುವ ಗೆಳೆಯನನ್ನು ಕರೆದೆ. ಸ್ಪ್ರಿಂಗ್ ಪೂರ್ತಿ ಒತ್ತಿ ಸಡಿಲವಾಗದೆ ಮೇಲಿನ ನಟ್ಟು ಮುಟ್ಟಲೇಬಾರದು. ಸ್ಟ್ರಟ್ ಬಿಚ್ಚಿದ್ದಾಗಲೇ ಮೇಲಿನ ಮೌಂಟ್, ಬೇರಿಂಗ್ ಕೂಡ ಹೊಸದು ಹಾಕಿದೆವು.

ಒಂದು ತಪ್ಪು ಆಯಿತು. ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿ ಮಾಡಿದ್ದೆ. ಮರುದಿನ ಅಳೆದರೆ ಮುಂದುಗಡೆ ಇಳಿದದ್ದು 22 ಮಿ.ಮೀ. ಮಾತ್ರ. ಆ ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ಜೋತ ಸ್ಥಿತಿಯಲ್ಲೇ ಬಿಗಿಯಾಗಿ, ಈಗ ತಿರುಚಿಕೊಂಡು ಕಾರನ್ನು ಮೇಲಕ್ಕೆ ಒತ್ತುತ್ತಿತ್ತು. ಕಾರನ್ನು ರ‍್ಯಾಂಪ್ ಮೇಲೆ ತಂದು, ಭಾರ ಚಕ್ರಗಳ ಮೇಲೆ ಇರುವಾಗಲೇ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿ ಮಾಡಿದೆ. ಆಗ 29ಕ್ಕೆ ಬಂತು. ಹಾಗೇ ಬಿಟ್ಟಿದ್ದರೆ ಬುಷ್ ಬೇಗ ಹರಿದು ಹೋಗುತ್ತಿತ್ತು.

ವೀಲ್ ಅಲೈನ್‌ಮೆಂಟ್‌ನಲ್ಲಿ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತುಂಬಾ ಆಚೀಚೆ ಆಗಿತ್ತು, ಸರಿ ಮಾಡಿಸಿದೆ. ಇದನ್ನು ಮುಂದಕ್ಕೆ ಹಾಕಿದರೆ ಹೊಸ ಟೈರಿನ ಅಂಚು ಸವೆದು ಹೋಗುತ್ತದೆ. ಹೆಡ್‌ಲೈಟ್ ಕೂಡ ಮತ್ತೆ ಹೊಂದಿಸಿದೆ. 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್‌ನಿಂದ ಚಕ್ರದ ನಟ್ಟು ನೋಡಿದೆ, ಒಂದು ಸ್ವಲ್ಪ ತಿರುಗಿತು.

ಓಡಿಸಲು ಹೇಗಿದೆ? ತಿರುವಿನಲ್ಲಿ ಮೈ ವಾಲುವುದು ಕಡಿಮೆ, ಗುಂಡಿಯಲ್ಲಿ ಮೊದಲಿಗಿಂತ ಸ್ವಲ್ಪ ಗಟ್ಟಿ. ಹಿಂದೆ ಮೂವರು ಕೂತಾಗ ಮಾತ್ರ ಬಲಗಡೆ ಟೈರ್ ಎಲ್ಲೋ ಉಜ್ಜುತ್ತದೆ. ಆ 19.7 ಮಿ.ಮೀ. ಪರಿಣಾಮ ಇರಬೇಕು. ಭಾನುವಾರ ಆರ್ಚ್ ಒಳ ಅಂಚಿಗೆ ಸೀಮೆಸುಣ್ಣ ಬಳಿದು, ಅದೇ ಮೂವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುತ್ತೇನೆ. ಎಲ್ಲಿ ಅಳಿಸಿದೆ ಎಂದು ನೋಡಿದ ಮೇಲೆ ಅಂಚು ಮಡಿಸಬೇಕೋ, ಒಳಗಿನ ಪ್ಲಾಸ್ಟಿಕ್ ಲೈನರ್ ಒತ್ತಿ ಕೂರಿಸಿದರೆ ಸಾಕೋ ತೀರ್ಮಾನ ಮಾಡುತ್ತೇನೆ.