ಆಕಾಶವನ್ನು ಕಟಕಟೆಗೆ ಕರೆಯುವ ಮುನ್ನ

ದೇವರಿದ್ದಾನೆ ಎನ್ನುವವರೂ ಇಲ್ಲ ಎನ್ನುವವರೂ ಖಗೋಳ ವಿಜ್ಞಾನವನ್ನು ಸಾಕ್ಷಿಗೆ ಕರೆಯುತ್ತಾರೆ. ಇಂಥ ವಾದಗಳಲ್ಲಿ ಅಳತೆಯಿಂದ ಬಂದದ್ದು ಸಾಮಾನ್ಯವಾಗಿ ಅರ್ಧದಷ್ಟೇ, ಉಳಿದರ್ಧ ವಾದ ಮಾಡುವವರು ತಮ್ಮ ಜೇಬಿನಿಂದ ಸೇರಿಸಿದ್ದು. ಎರಡರ ನಡುವಿನ ಹೊಲಿಗೆ ಎಲ್ಲಿದೆ ಎಂದು ಹುಡುಕಿದರೆ ವಾದದ ಬಲ ಎಷ್ಟೆಂದು ಗೊತ್ತಾಗುತ್ತದೆ.

ಆಸ್ತಿಕರ ಕಡೆಯ ಅತ್ಯಂತ ಗಟ್ಟಿ ವಾದದಿಂದಲೇ ಶುರು ಮಾಡೋಣ. ವಿಶ್ವದ ನಿಯತಾಂಕಗಳೆಲ್ಲ ಜೀವಕ್ಕೆಂದೇ ಶ್ರುತಿ ಮಾಡಿದಂತಿವೆ ಎಂಬ ಈ ವಾದಕ್ಕೆ ಹೆಚ್ಚಾಗಿ ಕೊಡುವ ಉದಾಹರಣೆ ಇಂಗಾಲ. ನಕ್ಷತ್ರದೊಳಗೆ ಮೂರು ಹೀಲಿಯಂ ಬೀಜಕಣಗಳು ಕೂಡಿ ಇಂಗಾಲವಾಗಬೇಕು. ಮೊದಲೆರಡು ಕೂಡಿ ಆಗುವ ಬೆರಿಲಿಯಂ-8 ಒಂದು ಸೆಕೆಂಡಿನ ಕೋಟ್ಯಂತರ ಭಾಗದಷ್ಟೂ ಬಾಳುವುದಿಲ್ಲ. ಅಷ್ಟರೊಳಗೆ ಮೂರನೆಯದು ಬಂದು ಅಂಟಬೇಕಾದರೆ ಇಂಗಾಲ-12ರಲ್ಲಿ ಸರಿಯಾದ ಜಾಗದಲ್ಲಿ ಒಂದು ಶಕ್ತಿಮಟ್ಟ ಇರಲೇಬೇಕು ಎಂದು ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಹೇಳಿದ. ಪ್ರಯೋಗಾಲಯದಲ್ಲಿ ಹುಡುಕಿದಾಗ ಅದು ಸುಮಾರು 7.65 ಎಂಇವಿಯಲ್ಲಿ ಸಿಕ್ಕಿತು (ಎಂಇವಿ, ಕೆಇವಿ ಎಂಬವು ಇಂಥ ಶಕ್ತಿಯನ್ನು ಅಳೆಯುವ ಮಾನಗಳು, ಒಂದು ಎಂಇವಿಗೆ ಸಾವಿರ ಕೆಇವಿ). ನಾಸ್ತಿಕನಾಗಿದ್ದ ಹಾಯ್ಲ್ ಮುಂದೆ ಇದರ ಹಿಂದೆ ಒಂದು ಮಹಾಬುದ್ಧಿ ಇರಬಹುದು ಎಂದದ್ದೂ ನಿಜ. ಆದರೆ ಅವನು ಹೊರಟದ್ದು ಜೀವದಿಂದಲ್ಲ. ವಿಶ್ವದಲ್ಲಿ ಇಷ್ಟು ಇಂಗಾಲ ಕಾಣುತ್ತಿದೆಯಲ್ಲ, ಅದು ಹೇಗೆ ತಯಾರಾಯಿತು ಎಂಬ ಲೆಕ್ಕದಿಂದ. ಜೀವದ ಮಾತು ಈ ಕಥೆಗೆ ಅಂಟಿಕೊಂಡದ್ದು ಆಮೇಲೆ.

ಹಾಗಾದರೆ ಶ್ರುತಿ ಎಷ್ಟು ಬಿಗಿ? ಆ ಶಕ್ತಿಮಟ್ಟವನ್ನು 60 ಕೆಇವಿ ಮೇಲಕ್ಕೆ ಸರಿಸಿದರೂ ನಕ್ಷತ್ರಗಳಲ್ಲಿ ಇಂಗಾಲದ ಉತ್ಪತ್ತಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ ಎಂದು ಮಾರಿಯೊ ಲಿವಿಯೊ ಮತ್ತು ಜೊತೆಗಾರರು 1989ರಲ್ಲಿ ಲೆಕ್ಕ ಹಾಕಿದರು. 60 ಕೆಇವಿ ಎಂದರೆ ಸಣ್ಣದೋ ದೊಡ್ಡದೋ? ಮಟ್ಟದ ಒಟ್ಟು ಶಕ್ತಿಯಾದ 7,654 ಕೆಇವಿಗೆ ಹೋಲಿಸಿದರೆ ಶೇ. 0.8, ಅಂದರೆ ಅಂಥಾ ಸಡಿಲವೇನೂ ಇಲ್ಲ. ಆದರೆ ಕ್ರಿಯೆಯ ವೇಗವನ್ನು ನಿರ್ಧರಿಸುವುದು 7,654 ಅಲ್ಲ. ಮೂರು ಬಿಡಿ ಹೀಲಿಯಂಗಳ ಶಕ್ತಿಗಿಂತ ಈ ಮಟ್ಟ ಎಷ್ಟು ಮೇಲಿದೆ ಎಂಬ ಅಂತರ, ಅಂದರೆ ಸುಮಾರು 379 ಕೆಇವಿ. ಅದಕ್ಕೆ ಹೋಲಿಸಿದರೆ 60 ಎಂಬುದು ಶೇ. 16. ಸರಿದದ್ದು ಅಷ್ಟೇ, ಶೇಕಡಾವಾರು ಮಾತ್ರ ಇಪ್ಪತ್ತು ಪಟ್ಟು ಬೇರೆ. ಭೌತವಿಜ್ಞಾನದ ದೃಷ್ಟಿಯಿಂದ ಎರಡನೆಯ ಹೋಲಿಕೆಯೇ ಸರಿ. ಹಾಗೆಂದು ನಾಸ್ತಿಕರು ಇಲ್ಲಿಗೇ ಗೆದ್ದೆವು ಎನ್ನುವಂತಿಲ್ಲ. ಮಟ್ಟವನ್ನು ಬಿಟ್ಟು, ಪರಮಾಣುವಿನ ಬೀಜವನ್ನು ಹಿಡಿದಿಡುವ ಪ್ರಬಲ ಬೀಜಬಲವನ್ನೇ ಶೇ. 0.5ರಷ್ಟು ಬದಲಿಸಿದರೆ ಇಂಗಾಲವೋ ಆಮ್ಲಜನಕವೋ ಬಹುಪಾಲು ಇಲ್ಲವಾಗುತ್ತದೆ ಎಂದು 2000ದಲ್ಲಿ ಓಬರ್‌ಹುಮರ್ ತಂಡ ತೋರಿಸಿತು. ಆದ್ದರಿಂದ "ಒಂಚೂರು ಬದಲಾಗಿದ್ದರೂ ನಾವಿರುತ್ತಿರಲಿಲ್ಲ" ಎಂದು ಯಾರಾದರೂ ಅಂದಾಗ, ಯಾವುದರ ಒಂಚೂರು ಎಂದು ಕೇಳಬೇಕು.

ಹೊಲಿಗೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಲ ಇಷ್ಟು ಬದಲಾದರೆ ಇಂಗಾಲ ಇಲ್ಲ ಎಂಬುದು ಲೆಕ್ಕ. ಹೀಗಿರುವುದು ಅಸಂಭವ ಎಂಬುದು ಬೇರೆಯೇ ಮಾತು. ಸಂಭವನೀಯತೆ ಹೇಳಬೇಕಾದರೆ ಆ ಬಲ ಯಾವ ಯಾವ ಬೆಲೆಗಳನ್ನು ಎಷ್ಟೆಷ್ಟು ಸಲ ಪಡೆಯಬಹುದಿತ್ತು ಎಂಬ ಹಂಚಿಕೆ ಗೊತ್ತಿರಬೇಕು. ನಮಗೆ ಸಿಕ್ಕಿರುವುದು ಒಂದೇ ವಿಶ್ವ, ಅದರಿಂದ ಹಂಚಿಕೆ ಹುಟ್ಟುವುದಿಲ್ಲ. ಇದಕ್ಕೆ ಪ್ರತಿಯಾಗಿ "ಅಸಂಖ್ಯ ವಿಶ್ವಗಳಿವೆ, ಅದರಲ್ಲೊಂದು ನಮ್ಮದು" ಎನ್ನುವವರಿಗೂ ಇದೇ ತೊಡಕು, ಅವರ ಬಳಿಯೂ ಹಂಚಿಕೆಯಿಲ್ಲ. ಆದರೂ ಒಂದು ವಿಷಯದಲ್ಲಿ ಅವರಿಗೆ ಸ್ವಲ್ಪ ಹೆಚ್ಚು ಅಂಕ ಕೊಡಬಹುದು. ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ವಿಶ್ವಸ್ಥಿರಾಂಕ ತೀರಾ ದೊಡ್ಡದಿರುವ ವಿಶ್ವಗಳಲ್ಲಿ ಗೆಲಾಕ್ಸಿಗಳೇ ಕಟ್ಟಿಕೊಳ್ಳುವುದಿಲ್ಲ, ಹಾಗಾಗಿ ನೋಡಲು ನಾವೂ ಇರುವುದಿಲ್ಲ ಎಂಬ ತರ್ಕದಿಂದ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಅದಕ್ಕೊಂದು ಮೇಲಿನ ಮಿತಿ ಹಾಕಿದ್ದ. 1998ರಲ್ಲಿ ಅಳೆದಾಗ ಅದು ಸೊನ್ನೆಯಾಗಿರಲಿಲ್ಲ, ಆ ಮಿತಿಯೊಳಗೇ ಇತ್ತು.

ಬಿಗ್ ಬ್ಯಾಂಗ್ ವಾದ ಇದಕ್ಕಿಂತ ಹಗುರ. ವಿಶ್ವಕ್ಕೆ ಆರಂಭವಿದೆ, ಆರಂಭವಿರುವುದಕ್ಕೆಲ್ಲ ಕಾರಣವಿದೆ, ಆದ್ದರಿಂದ ದೇವರಿದ್ದಾನೆ ಎಂಬ ಸರಣಿ ಅದು. 1380 ಕೋಟಿ ವರ್ಷ ಹಿಂದೆ ಎಲ್ಲವೂ ಬಿಸಿಯಾಗಿ, ದಟ್ಟವಾಗಿತ್ತು ಎಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಅದಕ್ಕೂ ಹಿಂದೆ, ಸಮೀಕರಣ ಅನಂತಕ್ಕೆ ಹೋಗುವ ಬಿಂದುವನ್ನು "ಆರಂಭ" ಎಂದು ಓದುವುದಕ್ಕೆ ಸಾಕ್ಷ್ಯವಿಲ್ಲ. ಸಾಪೇಕ್ಷತಾ ಸಿದ್ಧಾಂತ ಅಲ್ಲಿ ಕೈಚೆಲ್ಲುತ್ತದೆ ಎಂದಷ್ಟೇ ಅದರ ಅರ್ಥ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಈ ಸಿದ್ಧಾಂತದ ಮೂಲಪುರುಷ, ಕ್ಯಾಥೊಲಿಕ್ ಪಾದ್ರಿಯೇ ಆಗಿದ್ದ ಜಾರ್ಜ್ ಲಮೆತ್ರ್. 1951ರ ನವೆಂಬರ್‌ನಲ್ಲಿ ಪೋಪ್ 12ನೇ ಪಯಸ್ ಈ ಸಿದ್ಧಾಂತ ಸೃಷ್ಟಿಗೆ ಒತ್ತಾಸೆಯಾಗಿದೆ ಎಂಬ ಧಾಟಿಯಲ್ಲಿ ಮಾತಾಡಿದಾಗ ಖುಷಿಪಡದವನು ಅವನು. ತನ್ನ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ ಎಂಬುದು ಅವನ ನಿಲುವಾಗಿತ್ತು. ಇತ್ತ ನಾಸ್ತಿಕ ಹಾಯ್ಲ್‌ಗೆ ಬಿಗ್ ಬ್ಯಾಂಗ್ ಹಿಡಿಸಲೇ ಇಲ್ಲ. 1965ರಲ್ಲಿ ಆ ಬಿಸಿಯ ಉಳಿಕೆಯಾದ ಹಿನ್ನೆಲೆ ವಿಕಿರಣ ಪ್ರಕಟವಾದ ಮೇಲೂ ಅವನ ಮನಸ್ಸು ಒಪ್ಪಲಿಲ್ಲ.

ನಾಸ್ತಿಕರ ಮೆಚ್ಚಿನ ವಾದ ಗಾತ್ರದ್ದು. ಕಾಣುವ ವಿಶ್ವವೇ 9300 ಕೋಟಿ ಜ್ಯೋತಿರ್ವರ್ಷ ಅಗಲ, ಇಷ್ಟೆಲ್ಲ ನಮಗಾಗಿಯೇ? ಹಳಬರು ವಿಶ್ವ ಚಿಕ್ಕದೆಂದುಕೊಂಡಿದ್ದರು, ಹಾಗಾಗಿ ದೇವರನ್ನು ನಂಬಿದರು ಎಂದೂ ಇದರ ಜೊತೆಗೆ ಸೇರಿಸುತ್ತಾರೆ. ಅದು ತಪ್ಪು. ಆಕಾಶಗೋಲದ ಎದುರು ಭೂಮಿ ಬರೀ ಒಂದು ಬಿಂದು ಎಂದು ಎರಡನೇ ಶತಮಾನದಲ್ಲೇ ಖಗೋಳಜ್ಞ ಟಾಲೆಮಿ ವಾದಿಸಿದ್ದಾನೆ. ಶತಮಾನಗಟ್ಟಲೆ ಅವನನ್ನು ಓದಿದ ಆಸ್ತಿಕರಿಗೆ ಅದರಿಂದ ನಿದ್ದೆ ಕೆಡಲಿಲ್ಲ. ಇನ್ನು ಇಂಗಾಲ ತಯಾರಾಗಲು ನಕ್ಷತ್ರಗಳು ಹುಟ್ಟಿ ಸಾಯಬೇಕು, ಅದಕ್ಕೆ ನೂರಾರು ಕೋಟಿ ವರ್ಷ ಬೇಕು, ಅಷ್ಟು ಹೊತ್ತು ಹಿಗ್ಗಿದ ವಿಶ್ವ ದೊಡ್ಡದಾಗಿಯೇ ಇರುತ್ತದೆ ಎಂಬ ಉತ್ತರವೂ ಇದೆ. ಆದರೆ ಆ ಉತ್ತರ ಸರ್ವಶಕ್ತ ದೇವರಿಗೆ ಅಷ್ಟು ಸಲೀಸಾಗಿ ಒಗ್ಗುವುದಿಲ್ಲ: ಇಂಗಾಲವನ್ನು ನೇರವಾಗಿ ಸೃಷ್ಟಿಸಬಲ್ಲವನಿಗೆ ಕಾಯುವ ಹಂಗೇಕೆ?

ಇಲ್ಲಿಯವರೆಗಿನವು ಅಳತೆಯಿಂದ ತೀರ್ಮಾನವಾಗದ ವಾದಗಳು. ತೀರ್ಮಾನವಾಗುವಂಥದ್ದೂ ಒಂದಿದೆ: ವಿಶ್ವದ ವಯಸ್ಸು ಆರು ಸಾವಿರ ವರ್ಷ ಎಂಬುದು. 1987ರ ಫೆಬ್ರವರಿ 23ರಂದು ಸೂಪರ್‌ನೋವಾ 1987ಎ ಎಂಬ ನಕ್ಷತ್ರಸ್ಫೋಟದ ನ್ಯೂಟ್ರಿನೊ ಎಂಬ ಸೂಕ್ಷ್ಮಕಣಗಳು ಭೂಮಿಗೆ ತಲುಪಿದವು, ಕೆಲವೇ ಗಂಟೆಗಳಲ್ಲಿ ಬೆಳಕೂ ಬಂತು. ಅದರ ಸುತ್ತ ಮೊದಲೇ ಇದ್ದ ಅನಿಲದ ಬಳೆಗೆ ಸ್ಫೋಟದ ಬೆಳಕು ತಾಗಿ ಬಳೆ ಹೊಳೆಯಿತು. ಬಳೆ ನಮಗೆ ಓರೆಯಾಗಿದ್ದರಿಂದ ಹತ್ತಿರದ ಅಂಚಿನ ಹೊಳಪು ಮೊದಲು, ದೂರದ್ದು ಆಮೇಲೆ ಬಂತು. ಆ ತಡವನ್ನು ಅಳೆದು ಬಳೆಯ ತ್ರಿಜ್ಯ ಸುಮಾರು 0.66 ಜ್ಯೋತಿರ್ವರ್ಷ ಎಂದು ಕಂಡುಕೊಂಡರು. ಹಬಲ್ ಚಿತ್ರದಲ್ಲಿ ಅದೇ ತ್ರಿಜ್ಯ ಸುಮಾರು 0.81 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). 0.66ನ್ನು, ಒಂದು ರೇಡಿಯನ್ ಕೋನದಲ್ಲಿರುವ ಆರ್ಕ್‌ಸೆಕೆಂಡ್‌ಗಳ ಸಂಖ್ಯೆಯಾದ 206265ರಿಂದ ಗುಣಿಸಿ 0.81ರಿಂದ ಭಾಗಿಸಿ, 1,68,000 ಜ್ಯೋತಿರ್ವರ್ಷ ಬರುತ್ತದೆ. ಬರೀ ತ್ರಿಕೋನಮಿತಿ, ಬಿಗ್ ಬ್ಯಾಂಗನ್ನು ಇಲ್ಲಿ ಎಲ್ಲಿಯೂ ಊಹಿಸಿಕೊಂಡಿಲ್ಲ.

ಹಿಂದೆ ಬೆಳಕಿನ ವೇಗವೇ ಹೆಚ್ಚಿತ್ತು ಎಂದು ತಪ್ಪಿಸಿಕೊಳ್ಳಲು ನೋಡುವವರಿದ್ದಾರೆ. ಅಷ್ಟು ದೂರವನ್ನು ಆರು ಸಾವಿರ ವರ್ಷದಲ್ಲಿ ಕ್ರಮಿಸಲು ಸರಾಸರಿ ವೇಗ 28 ಪಟ್ಟು ಇರಬೇಕು. ವೇಗವಾಗಿ ಹೊರಟ ಬೆಳಕು ದಾರಿಯಲ್ಲಿ ನಿಧಾನವಾದರೆ ಅಲ್ಲಿನ ಘಟನೆಗಳು ನಮಗೆ ಅಷ್ಟೇ ನಿಧಾನಗತಿಯಲ್ಲಿ ಕಾಣಬೇಕು. ಆದರೆ ಸೂಪರ್‌ನೋವಾದ ಹೊಳಪು ಇಳಿದದ್ದು, ಅದಕ್ಕೆ ಶಕ್ತಿ ಕೊಡುತ್ತಿದ್ದ ವಿಕಿರಣಶೀಲ ಕೋಬಾಲ್ಟ್-56 ಅರ್ಧಕ್ಕಿಳಿಯಲು ಪ್ರಯೋಗಾಲಯದಲ್ಲಿ ಹಿಡಿಯುವ ಕಾಲಕ್ಕೆ, ಅಂದರೆ 77 ದಿನಕ್ಕೆ, ಸರಿಯಾಗಿ. ಹಾಗಾದರೆ ಬೆಳಕನ್ನು ದಾರಿಯ ಮಧ್ಯದಲ್ಲೇ ಸೃಷ್ಟಿಸಲಾಯಿತು ಎಂಬ ಕೊನೆಯ ಉತ್ತರ ಉಳಿಯುತ್ತದೆ. ಅದನ್ನು ಯಾವ ದೂರದರ್ಶಕವೂ ಅಲ್ಲಗಳೆಯಲಾರದು. ಆದರೆ ಆಗ ಎಂದೂ ನಡೆಯದ ಸ್ಫೋಟದ ಚಿತ್ರವನ್ನು ದೇವರು ನಮಗೆ ತೋರಿಸಿದಂತಾಗುತ್ತದೆ. ಆ ಬೆಲೆ ತೆರಲು ಬಹಳಷ್ಟು ಆಸ್ತಿಕರೇ ತಯಾರಿಲ್ಲ.

ಧರ್ಮಗ್ರಂಥದ ಗ್ರಹಸ್ಥಿತಿಯನ್ನು ಸಾಫ್ಟ್‌ವೇರಿಗೆ ಕೊಟ್ಟು ತಾರೀಖು ತೆಗೆಯುವುದು ಮತ್ತೊಂದು ಜನಪ್ರಿಯ ಬಗೆ. ಸಾಫ್ಟ್‌ವೇರ್ ಸುಳ್ಳು ಹೇಳುವುದಿಲ್ಲ, ಕೊಟ್ಟದ್ದಕ್ಕೆ ಉತ್ತರ ಹೇಳುತ್ತದೆ. ಗುರು, ಶನಿ ಇಬ್ಬರೂ ಅದೇ ರಾಶಿಗಳಿಗೆ ಸುಮಾರು 59 ವರ್ಷಕ್ಕೊಮ್ಮೆ ಮರಳುತ್ತಾರೆ. ಮೂರು ಸಾವಿರ ವರ್ಷ ಹುಡುಕಿದರೆ ಐವತ್ತು ಅವಕಾಶ. ವಿಷುವತ್ ಬಿಂದು (ಹಗಲು-ರಾತ್ರಿ ಸಮವಾಗುವ ದಿನ ಸೂರ್ಯನಿರುವ ಜಾಗ) ಇಂಥ ನಕ್ಷತ್ರದಲ್ಲಿತ್ತು ಎಂಬ ಸಾಲೊಂದಿದ್ದರೆ, ಆ ಬಿಂದು ನಿಧಾನವಾಗಿ ಸರಿಯುವ ಅಯನಚಲನೆಯಲ್ಲಿ ಒಂದು ಡಿಗ್ರಿಗೆ ಸುಮಾರು 72 ವರ್ಷ, 13 ಡಿಗ್ರಿ 20 ಮಿನಿಟಿನ ಒಂದು ನಕ್ಷತ್ರ ದಾಟಲು ಸುಮಾರು 950 ವರ್ಷ. ತಾರೀಖಿನ ಅನಿಶ್ಚಿತತೆಯೂ ಅಷ್ಟೇ. ಗ್ರಹಣದ ವಿಷಯ ಇನ್ನೂ ಕಷ್ಟ. ಭೂಮಿಯ ಸುತ್ತು ನಿಧಾನವಾಗುತ್ತಿರುವುದರಿಂದ ಕ್ರಿ.ಪೂ. 3000ಕ್ಕೆ ಗಡಿಯಾರ 20 ಗಂಟೆಯಷ್ಟು ತಪ್ಪುತ್ತದೆ, ಆ ತಿದ್ದುಪಡಿಯಲ್ಲೇ ಒಂದು ಗಂಟೆಗೂ ಮೀರಿದ ಅನುಮಾನವಿದೆ. ಒಂದು ಗಂಟೆ ಎಂದರೆ 15 ಡಿಗ್ರಿ ರೇಖಾಂಶ. ಪೂರ್ಣ ಸೂರ್ಯಗ್ರಹಣದ ಪಟ್ಟಿಯಾದರೋ ಬರೀ ನೂರಿನ್ನೂರು ಕಿಲೋಮೀಟರ್ ಅಗಲ. ಇಂಥ ಊರಿನಲ್ಲಿ ಕಂಡಿತ್ತು ಎಂದು ಖಚಿತವಾಗಿ ಹೇಳುವ ವಿಡಿಯೊ ಈ ತಿದ್ದುಪಡಿಯ ಹೆಸರೆತ್ತದಿದ್ದರೆ ಮುಂದೆ ನೋಡಬೇಕಿಲ್ಲ. ಯೇಸು ಹುಟ್ಟಿದಾಗ ಕಂಡಿತೆನ್ನುವ ಬೆತ್ಲೆಹೆಮ್ ನಕ್ಷತ್ರಕ್ಕೆಂದು ತೋರಿಸುವ ಕ್ರಿ.ಪೂ. 7ರ ಗುರು-ಶನಿ ಯುತಿಯ ಪಾಡೂ ಇಷ್ಟೇ: ಅವು ತೀರಾ ಹತ್ತಿರ ಬಂದಾಗಲೂ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು ದೂರವಿದ್ದವು. ತಾರೀಖು ಸರಿಯೇ ಬಂತೆನ್ನಿ, ಯಾರೋ ಆಕಾಶ ನೋಡಿ ಬರೆದರು ಅಥವಾ ಆಮೇಲೆ ಹಿಂದಕ್ಕೆ ಎಣಿಸಿ ಬರೆದರು ಎಂಬುದಕ್ಕಿಂತ ಹೆಚ್ಚೇನೂ ಸಾಬೀತಾಗುವುದಿಲ್ಲ.

ವಿಜ್ಞಾನ ವಿವರಿಸದ ಜಾಗದಲ್ಲಿ ದೇವರನ್ನು ಕೂರಿಸುವ ವಾದಕ್ಕೆ ನ್ಯೂಟನ್‌ನ ಉದಾಹರಣೆ ಎಲ್ಲರಿಗೂ ಗೊತ್ತು. ಗ್ರಹಗಳು ಒಂದನ್ನೊಂದು ಎಳೆದಾಡಿ ವ್ಯವಸ್ಥೆ ಕ್ರಮೇಣ ಕೆಡುತ್ತದೆ, ಆಗ ಅದನ್ನು ಸರಿಪಡಿಸಬೇಕಾಗುತ್ತದೆ ಎಂದು ಅವನು ಬರೆದ. ಗುರುವಿನ ವೇಗ ಹೆಚ್ಚುತ್ತಿರುವುದು, ಶನಿಯದು ಕುಗ್ಗುತ್ತಿರುವುದು ದಾಖಲೆಗಳಲ್ಲಿ ಕಾಣುತ್ತಿತ್ತು ಕೂಡ. 1785ರಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಅದನ್ನು ಬಿಡಿಸಿದ: ಗುರುವಿನ 5 ಸುತ್ತು ಶನಿಯ 2 ಸುತ್ತಿಗೆ ಹೆಚ್ಚುಕಡಿಮೆ ಸಮ, ಆದ್ದರಿಂದ ಈ ಏರಿಳಿತ ಸುಮಾರು 900 ವರ್ಷಕ್ಕೊಮ್ಮೆ ಮರಳುತ್ತದೆ. ದೇವರ ಊಹೆ ತನಗೆ ಬೇಕಿಲ್ಲ ಎಂದು ಅವನು ನೆಪೋಲಿಯನ್‌ಗೆ ಹೇಳಿದನೆಂಬ ಕಥೆಯನ್ನು ನಾಸ್ತಿಕರು ಅಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಒಳಗ್ರಹಗಳ ಚಲನೆ ಅಸ್ತವ್ಯಸ್ತ ಸ್ವರೂಪದ್ದು ಎಂದು ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದ. 2009ರಲ್ಲಿ ಅವನೂ ಗ್ಯಾಸ್ಟಿನೊನೂ ಮುಂದಿನ 500 ಕೋಟಿ ವರ್ಷಗಳ ಲೆಕ್ಕವನ್ನು ಬುಧನ ಕಕ್ಷೆಯನ್ನು ಪ್ರತಿ ಸಲ ಒಂದು ಮಿಲಿಮೀಟರಿಗಿಂತ ಕಡಿಮೆ ಬದಲಿಸುತ್ತ 2501 ಸಲ ಓಡಿಸಿದರು. ಇಪ್ಪತ್ತರಲ್ಲಿ ಬುಧನ ಕಕ್ಷೆ ವಿಪರೀತ ಉದ್ದವಾಯಿತು. ನ್ಯೂಟನ್ ಹೆದರಿದಷ್ಟು ಬೇಗ ಸೌರವ್ಯೂಹ ಕೆಡುವುದಿಲ್ಲ, ಲಾಪ್ಲಾಸ್ ನಂಬಿದಷ್ಟು ಅದು ಭದ್ರವೂ ಅಲ್ಲ.