ಬಾಚಿಯ ಗುರುತು

ಅಕ್ಟೋಬರ್ 13, 2024, ಭಾನುವಾರ
ಪೋರ್ಟ್‌ಲ್ಯಾಂಡ್

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಮನೆಯಲ್ಲಿ ಕೂರೋಕೆ ಮನಸ್ಸಾಗದೆ ತಿಲಿಕಂ ಸೇತುವೆ ಕಡೆ ಹೊರಟೆ. ವಿಲಾಮೆಟ್ ನದಿ ಮೇಲಿನ ಈ ಸೇತುವೆ 2015ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕಾರುಗಳಿಗೆ ಇಲ್ಲಿ ಜಾಗವಿಲ್ಲ. ರೈಲು, ಬಸ್ಸು, ಸೈಕಲ್ಲು, ನಡೆಯುವವರು, ಅಷ್ಟೇ. ವಾರಕ್ಕೆ ಮೂರು ಸಲವಾದರೂ ದಾಟುತ್ತೇನೆ. ಆದರೆ ನದಿಯ ಈ ದಡಕ್ಕೂ ಆ ದಡಕ್ಕೂ ನಿಲ್ಲಿಸಿರುವ ಕರಿಕಲ್ಲಿನ ಶಿಲ್ಪಗಳ ಮುಂದೆ ಸರಿಯಾಗಿ ನಿಂತು ನೋಡಿರಲಿಲ್ಲ. ಇವತ್ತು ನೋಡಿದೆ.

ಕೆತ್ತಿದವರು ಗ್ರೆಗ್ ಎ. ರಾಬಿನ್ಸನ್, ಇಲ್ಲಿನ ಮೂಲನಿವಾಸಿಗಳಾದ ಚಿನೂಕ್ ಸಮುದಾಯದ ಕಲಾವಿದರು. ಎರಡು ಕಲ್ಲಿನ ಶಿಲ್ಪ, ಜೊತೆಗೊಂದು ದೊಡ್ಡ ಕಂಚಿನ ಬಿಲ್ಲೆ. ಮೂರೂ ಸೇರಿ ಒಂದೇ ಕೃತಿ. ಅದರ ಹೆಸರನ್ನು ಕನ್ನಡದಲ್ಲಿ ಹೇಳಬೇಕು ಅಂದರೆ, 'ನಾವು ಯಾವತ್ತಿಂದಲೂ ಇಲ್ಲೇ ಇದ್ದೇವೆ'. ಸೇತುವೆಯ ಹೆಸರೂ ಅವರ ಕಡೆಯದೇ. ಚಿನೂಕ್ ವಾವಾ ಅನ್ನುವ ಇಲ್ಲಿನ ವ್ಯಾಪಾರದ ಭಾಷೆಯಲ್ಲಿ ತಿಲಿಕಂ ಅಂದರೆ ಜನ, ನಮ್ಮವರು.

ನಮ್ಮ ಕಡೆ ಚಿನೂಕ್ ಅಂದರೆ ವಾಯುಪಡೆಯ ಆ ದೊಡ್ಡ ಹೆಲಿಕಾಪ್ಟರ್. ಇಲ್ಲಿ ಮೀನಂಗಡಿಯಲ್ಲಿ ಕೇಳಿದರೆ ಸಾಲ್ಮನ್ ಮೀನು. ಒಂದು ಗಾಳಿಗೂ ಅದೇ ಹೆಸರು. ಹೆಸರು ಇಷ್ಟೆಲ್ಲಾ ಕಡೆ ಓಡಾಡುತ್ತಿದೆ, ಹೆಸರಿನ ಜನರಿಗೆ ಮಾತ್ರ ಅಮೆರಿಕ ಸರ್ಕಾರದ ಮಾನ್ಯತೆ ಇಲ್ಲ. 1851ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು, ಸೆನೆಟ್ ಅದನ್ನು ಅನುಮೋದಿಸಲೇ ಇಲ್ಲ. 2001ರ ಜನವರಿಯಲ್ಲಿ ಮಾನ್ಯತೆ ಸಿಕ್ಕಿತು. 2002ರ ಜುಲೈನಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಇದನ್ನೆಲ್ಲಾ ತಿಳಿದಮೇಲೆ ಆ ಕಲ್ಲುಗಳ ಮುಂದೆ ನಿಂತರೆ, ಕೃತಿಯ ಹೆಸರು ಬರೀ ಹೆಸರಾಗಿ ಕೇಳಿಸಲ್ಲ. ಸರ್ಕಾರ ಕಾಗದದಲ್ಲಿ ಬರೆದುಕೊಡದ ಮಾತನ್ನು ಒಬ್ಬರು ಕಲ್ಲಿನಲ್ಲಿ ಬರೆದಿದ್ದಾರೆ ಅನ್ನಿಸುತ್ತದೆ.

ಹತ್ತಿರ ಹೋದೆ. ಒದ್ದೆ ಕಲ್ಲು ಎಮ್ಮೆಯ ಮೈ ಥರ ಮಿಂಚುತ್ತಿತ್ತು. ಉಳಿ ಹೋದ ಗೆರೆಯಲ್ಲಿ ಮಳೆನೀರು ಸಣ್ಣಗೆ ಇಳಿಯುತ್ತಿತ್ತು. ಬೆರಳಿಟ್ಟು ನೋಡಿದೆ, ತಣ್ಣಗೆ ಕೊರೆಯುತ್ತಿತ್ತು.

ಇಲ್ಲಿಗೆ ಬಂದ ಹೊಸದರಲ್ಲಿ ಅಮೆರಿಕದ ಮೂಲನಿವಾಸಿಗಳ ಕಲೆ ಅಂದರೆ ಎತ್ತರದ ಟೋಟೆಮ್ ಕಂಬ ಅಂತಲೇ ತಿಳಿದಿದ್ದೆ. ಅದು ಉತ್ತರದ ಕರಾವಳಿಯವರದ್ದು, ವಿಲಾಮೆಟ್ ಹೋಗಿ ಸೇರುವ ಕೊಲಂಬಿಯಾ ನದಿಯವರದ್ದಲ್ಲ. ಈ ನದಿಯವರ ಕೈಬರಹವೇ ಬೇರೆ. ಕಣ್ಣಿನ ಸುತ್ತ ಒಂದರೊಳಗೊಂದು ಬಳೆ ಇಟ್ಟ ಹಾಗೆ ಗೆರೆ. ಎದೆಯ ಪಕ್ಕೆಲುಬು ಒಂದೊಂದಾಗಿ ಎದ್ದು ಕಾಣುತ್ತದೆ. ಅಂಚಿಗೆ ಸೀರೆಯ ದಡಿಯಂತೆ ಸಾಲು ತ್ರಿಕೋನ. ಮರದ ಬಟ್ಟಲು, ಕಾಡುಕುರಿ ಕೊಂಬಿನ ಸೌಟು, ಬಂಡೆಗಲ್ಲು, ಎಲ್ಲದರ ಮೇಲೂ ಇದೇ ಬರಹ.

ಇದು ಕೈಯಿಂದ ಕೈಗೆ ಸಲೀಸಾಗಿ ಬಂದದ್ದಲ್ಲ. 1830ರ ದಶಕದಲ್ಲಿ ಮಲೇರಿಯಾ ಜ್ವರ ಈ ನದಿಬಯಲಿನ ಊರಿಗೆ ಊರನ್ನೇ ಖಾಲಿ ಮಾಡಿತು. ಕಲಿಸಬೇಕಾದವರು ಹೋದರು. ಹಳೆಯ ಸಾಮಾನು ದೂರದ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆ ಸೇರಿತು. ಈಗಿನ ಕಲಾವಿದರು ಆ ಹಳೆಯ ಬಟ್ಟಲು, ಬೊಂಬೆಗಳನ್ನೇ ಗುರು ಅಂದುಕೊಂಡು ಗೆರೆ ಗೆರೆಯಾಗಿ ಓದಬೇಕಾಯಿತು. ಅಜ್ಜನ ಬಾಯಿಂದ ಕೇಳಬೇಕಾದ್ದನ್ನು ಅಜ್ಜ ಬಿಟ್ಟುಹೋದ ಸೌಟಿನಿಂದ ಕೇಳಿಸಿಕೊಳ್ಳೋದು ಎಷ್ಟು ಕಷ್ಟ, ಅಲ್ವಾ?

ಕಳೆದ ಬೇಸಿಗೆಯಲ್ಲಿ ರಿಜ್‌ಫೀಲ್ಡ್‌ನ ಕ್ಯಾತ್ಲಪೋಟಲ್ ಹಲಗೆಮನೆಗೆ ಹೋಗಿದ್ದು ನೆನಪಾಯಿತು. 1806ರಲ್ಲಿ ಅಮೆರಿಕದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಬಂದಾಗ ಅಲ್ಲಿ ಹದಿನಾಲ್ಕು ಮನೆಗಳ ಊರಿತ್ತು. ಈಗಿರೋದು 2005ರಲ್ಲಿ ಚಿನೂಕರು ಮತ್ತು ಸ್ವಯಂಸೇವಕರು ಸೇರಿ ಹಳೆಯ ರೀತಿಯಲ್ಲಿ ಕಟ್ಟಿದ ಸೀಡರ್ ಮರದ ಮನೆ. ಒಳಗೆ ಕತ್ತಲು, ಹೊಗೆಯ ವಾಸನೆ, ನಡುವೆ ಕೆತ್ತನೆಯ ಕಂಬ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮರದ ಮೇಲೆ ಬಾಚಿಯ ಗುರುತು ಕಂಡವು. ಒಂದೇ ಅಳತೆಯ ಸಣ್ಣ ಸಣ್ಣ ಏಟು, ಮೀನಿನ ಹುರುಪೆಯ ಹಾಗೆ ಸಾಲಾಗಿ. ಬಾಗಲಕೋಟೆಯ ನಮ್ಮ ಓಣಿಯ ಬಡಿಗೇರ ಅಜ್ಜ ಬಾಚಿ ಹಿಡಿದು ನೊಗ ಸವರುತ್ತಿದ್ದಾಗ ಬರುತ್ತಿದ್ದ ಸದ್ದು ಕಿವಿಯಲ್ಲಿ ಎದ್ದು ಬಂತು. ಆ ಓಣಿ ಈಗಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯಿತು.

ಹಾಗಾಗಿಯೇ ಕೊಲಂಬಿಯಾ ನದಿಯ ಸೆಲಿಲೋ ಜಲಪಾತದ ಕಥೆ ಓದಿದಾಗ ನನಗೆ ಸುಮ್ನೆ ಪುಟ ತಿರುವೋಕೆ ಆಗಲಿಲ್ಲ. ಸಾವಿರಾರು ವರ್ಷ ಸಾಲ್ಮನ್ ಹಿಡಿದ ಜಾಗ ಅದು. 1957ರ ಮಾರ್ಚ್ 10ರಂದು ದಿ ಡಾಲ್ಸ್ ಅಣೆಕಟ್ಟಿನ ಬಾಗಿಲು ಹಾಕಿದರು. ಕೆಲವೇ ಗಂಟೆಗಳಲ್ಲಿ ಜಲಪಾತದ ಸದ್ದು ನಿಂತುಹೋಯಿತು. ಬಂಡೆ ಮೇಲಿನ ಎಷ್ಟೋ ಚಿತ್ರಗಳು ನೀರಿನಡಿ ಹೋದವು. ಕೆಲವನ್ನು ಮೊದಲೇ ಕೊಯ್ದು ತೆಗೆದಿದ್ದರು. ಅವು ದಶಕಗಳ ಕಾಲ ಅಣೆಕಟ್ಟಿನ ಹತ್ತಿರ ಬಿದ್ದಿದ್ದವು. 2004ರಲ್ಲಿ ಕೊಲಂಬಿಯಾ ಹಿಲ್ಸ್ ಪಾರ್ಕಿನಲ್ಲಿ ಮತ್ತೆ ನದಿಯ ಹತ್ತಿರ ನಿಲ್ಲಿಸಿದರು.

ಅಲ್ಲೇ ಮೇಲಿನ ಬಂಡೆಯಲ್ಲಿ ತ್ಸಗಗ್ಲಲಲ್ ಇದ್ದಾಳೆ. 'ನೋಡುತ್ತಿರುವವಳು' ಅಂತ ಅರ್ಥ. ಊರಿನ ಯಜಮಾನಿಯಾಗಿದ್ದಳಂತೆ. ಇನ್ನು ಹೆಂಗಸರು ಯಜಮಾನಿಕೆ ಮಾಡುವ ಕಾಲ ಹೋಯಿತು ಅಂತ ಇಲ್ಲಿನ ಕಥೆಗಳಲ್ಲಿ ಬರುವ ಮಾಯಾವಿ ಕಾಡುನಾಯಿ ಕಯೋಟಿ ಅವಳನ್ನು ಬಂಡೆ ಮಾಡಿದ, ಇಲ್ಲೇ ನಿಂತು ನಿನ್ನ ಜನರನ್ನು ಕಾಯುತ್ತಿರು ಅಂದ. ದುಂಡು ಕಣ್ಣು, ಕೆಮ್ಮಣ್ಣಿನ ಬಣ್ಣ. ಫೋಟೋದಲ್ಲಷ್ಟೇ ನೋಡಿದ್ದೇನೆ. ಆ ಬಳೆಗಣ್ಣು ಅವಳದ್ದೂ ಹೌದು.

ಸೇತುವೆ ದಾಟಿ ಆಚೆ ದಡದ ಶಿಲ್ಪವನ್ನೂ ನೋಡಿದೆ. ಅಷ್ಟರಲ್ಲಿ ಮಳೆ ಜಾಸ್ತಿ ಆಯಿತು. ರೈಲಿಗೆ ಕಾಯುತ್ತಾ ಅಮ್ಮನಿಗೆ ಫೋನ್ ಮಾಡಿದೆ. ಮುಳುಗಡೆಯ ಮಾತು ಬಂದಾಗ ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಬಂಡೆ ಮ್ಯಾಲಿನ ಹೆಣ್ಮಗಳನ್ನ ನನಗೂ ತೋರ್ಸು" ಅಂದಳು. ಗೈಡ್ ಜೊತೆಗೇ ಹೋಗಬೇಕು, ಮೊದಲೇ ಹೆಸರು ಬರೆಸಬೇಕು. ಬರುವ ಬೇಸಿಗೆಗೆ ಅವಳು ಬರುತ್ತಾಳೆ. ಇಬ್ಬರ ಹೆಸರು ಬರೆಸುತ್ತೇನೆ.