ಪಂಪು ಹಗಲಲ್ಲಿ ಓಡಲಿ

ಪುರಸಭೆಯ ಕೆಲಸಕ್ಕೆ ಬೇಕಾದ ಕರೆಂಟೆಲ್ಲ ಬಿಸಿಲು, ಗಾಳಿಯಿಂದಲೇ ಬರಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು, ಸೋಲಾರ್ ಎಲ್ಲಿ ಹಾಕೋಣ ಅಂತ. ಇಂಥದ್ದೇ ಯೋಜನೆಗೆ ನೆರವಾಗಲು ಒಂದು ಪುರಸಭೆಗೆ ಹೋಗಿದ್ದ ನಾನು ಆ ದಿನ ಅದನ್ನು ಸ್ವಲ್ಪ ಬದಿಗಿಡಿ ಅಂದೆ. ಒಂದು ವರ್ಷದ ಕರೆಂಟ್ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು.

ಸದಸ್ಯರ ಮಾತೆಲ್ಲ ಕಚೇರಿಯ ಲೈಟು, ಫ್ಯಾನು, ಎಸಿ ಸುತ್ತಲೇ ಇತ್ತು. ಮೀಟರ್‌ವಾರು ಕೂಡಿಸಿ ನೋಡಿದರೆ ಕಚೇರಿಯದ್ದು ತೀರಾ ಚಿಕ್ಕ ಪಾಲು. ಮುಕ್ಕಾಲು ಭಾಗ ಹೋಗುತ್ತಿದ್ದದ್ದು ನೀರೆತ್ತುವ ಪಂಪುಗಳಿಗೆ, ಆಮೇಲೆ ಬೀದಿ ದೀಪಕ್ಕೆ. ಬೀದಿ ದೀಪದ ಮಾತು ಬೇಗ ಮುಗಿಯಿತು. ಹಳೇ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿದರೆ ಖರ್ಚು ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಅವು ಉರಿಯುವುದು ರಾತ್ರಿ. ಆಗ ಬಿಸಿಲು ಇರಲ್ಲ, ಅಲ್ವಾ?

ಪಂಪುಗಳೂ ರಾತ್ರಿಯೇ ಓಡುತ್ತಿದ್ದವು. ಯಾಕೆ ಅಂತ ಎಂಜಿನಿಯರಿಗೆ ಗೊತ್ತಿರಲಿಲ್ಲ. ಪಂಪ್ ಆಪರೇಟರನ್ನು ಕರೆಸಿದೆವು.

"ಮೊದಲು ಹಗಲಲ್ಲಿ ವೋಲ್ಟೇಜ್ ಬರ್ತಿರಲಿಲ್ಲ ಸರ್. ಅದಕ್ಕೆ ರಾತ್ರಿ ಹಾಕ್ತಿದ್ವಿ. ಈಗ ವೋಲ್ಟೇಜ್ ಸರಿಯಿದೆ, ಅಭ್ಯಾಸ ಮಾತ್ರ ಹಾಗೇ ಉಳಿದಿದೆ."

"ಮಧ್ಯಾಹ್ನ ತುಂಬಿಸಿದರೆ ಮರುದಿನ ಬೆಳಿಗ್ಗೆ ಬಿಡೋದಕ್ಕೆ ಸಾಕಾಗುತ್ತಾ?"

"ಟ್ಯಾಂಕ್ ದೊಡ್ಡದಿದೆ, ಧಾರಾಳ ಸಾಕು. ಆದರೆ ಮೇನ್ ಲೈನ್ ಸೋರ್ತಿದೆ. ಮೊದಲು ಅದನ್ನ ಸರಿ ಮಾಡ್ಸಿ."

ನನಗೆ ಆ ದಿನದ ದೊಡ್ಡ ಲಾಭ ಅಂದರೆ ಈ ಮಾತು. ಬ್ಯಾಟರಿ ದುಬಾರಿ, ಕೆಲವು ವರ್ಷಕ್ಕೆ ಬದಲಿಸಬೇಕು. ಬಿಸಿಲಿರುವಾಗಲೇ ನೀರನ್ನು ಮೇಲಕ್ಕೆತ್ತಿಟ್ಟರೆ ಆ ಟ್ಯಾಂಕೇ ಬ್ಯಾಟರಿ. ಸೋರುವ ಪ್ರತಿ ಲೀಟರ್ ನೀರಿನ ಜೊತೆ ಅದನ್ನು ಎತ್ತಿದ ಕರೆಂಟೂ ಹೋಗುತ್ತದೆ. ಹಾಗಾಗಿ ಪೈಪ್ ರಿಪೇರಿಯೂ ಇಂಧನದ ಕೆಲಸವೇ. ಇಂಥ ಯೋಜನೆಗಳ ಸಭೆಗೆ ಆಪರೇಟರುಗಳನ್ನು ಯಾರೂ ಕರೆಯದಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಅಧ್ಯಕ್ಷರು ಕೇಳಿದರು, "ನೂರಕ್ಕೆ ನೂರು ಅಂತ ನಾವು ಯಾವಾಗ ಹೇಳ್ಕೋಬಹುದು?"

ಡೆನ್ಮಾರ್ಕಿನ ಸಾಮ್ಸೋ ದ್ವೀಪದ ಕಥೆ ಹೇಳಿದೆ. 1997ರಲ್ಲಿ ಅಲ್ಲಿನ ಸರ್ಕಾರ ಅದನ್ನು ನವೀಕರಿಸಬಹುದಾದ ಇಂಧನದ ದ್ವೀಪ ಅಂತ ಆರಿಸಿತು. ನೆಲದ ಮೇಲೆ 11 ಗಾಳಿಯಂತ್ರ, ಸಮುದ್ರದಲ್ಲಿ 10 ನಿಂತವು. ಊರಿನವರೇ ದುಡ್ಡು ಹಾಕಿ ಪಾಲುದಾರರಾದರು. ಗಾಳಿ ಜೋರಾದಾಗ ಹೆಚ್ಚಿನ ಕರೆಂಟು ಕೇಬಲ್ಲಿನಲ್ಲಿ ಆಚೆ ಹೋಗುತ್ತದೆ. ಗಾಳಿ ನಿಂತಾಗ ಅದೇ ಕೇಬಲ್ಲಿನಲ್ಲಿ ಒಳಗೆ ಬರುತ್ತದೆ. ಅಂದರೆ ಅವರ "ನೂರಕ್ಕೆ ನೂರು" ಇಡೀ ಒಂದು ವರ್ಷದ ಒಟ್ಟು ಲೆಕ್ಕದ್ದು, ಪ್ರತಿ ಗಂಟೆಯದ್ದಲ್ಲ. ಅದೇನೂ ಸಣ್ಣ ಸಾಧನೆಯಲ್ಲ. ಆದರೆ ಯಾವ ಲೆಕ್ಕ ಅಂತ ಜನರಿಗೆ ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ ರಾತ್ರಿಯ ಬಿಲ್ಲು ನೋಡಿದವರು, ಇವರು ಸುಮ್ನೆ ಹೇಳ್ತಾರೆ ಅಂದುಕೊಳ್ಳುತ್ತಾರೆ.

ಎಂಜಿನಿಯರ್ ಗೋಡೆಯ ಬೋರ್ಡಿನ ಮೇಲೆ ಕೆಲಸದ ಸಾಲು ಬರೆದರು. ಮೊದಲು ಸೋರಿಕೆ ರಿಪೇರಿ. ಆಮೇಲೆ ಒಂದು ಪಂಪು ಹಗಲಿಗೆ, ಅದರ ಗಂಟೆಗಂಟೆಯ ರೀಡಿಂಗ್ ಬರೆಯುವ ಹೊಣೆ ಆಪರೇಟರದ್ದು. ಆ ರೀಡಿಂಗ್ ನೋಡಿದ ಮೇಲೆಯೇ ಸೋಲಾರ್ ಎಷ್ಟು ಕಿಲೋವ್ಯಾಟ್ ಬೇಕು ಅಂತ ತೀರ್ಮಾನಿಸಿ ಟೆಂಡರ್ ಕರೆಯುವುದು.